ವಯೋಮಿತಿ ಹದಿನೈದು ವರ್ಷ

ನನ್ನ ಅವ್ವನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದನ್ನು ಓದುವವರು, ಪಾಪ, ಅಕ್ಷರ ಬಾರದ ಹೆಂಗಸು, ಮಗಳು ಹೇಳಿದ್ದನ್ನೇ ನಂಬಿ ಕೂತಳು ಎಂದುಕೊಳ್ಳುತ್ತಾರೆ. ಹಾಗಲ್ಲ. ಅವಳು ತೇರದಾಳದ ತವರಿನಲ್ಲಿ ಏಳನೆಯ ಇಯತ್ತೆ ಪಾಸಾದವಳು. ಕಿರಾಣಿ ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಬಿಡಿಸಿ, ಎರಡೂ ಬದಿ ಓದಿ, ಆಮೇಲೆ ಒಲೆಗೆ ಹಾಕುವವಳು. ಆ ಒಂದು ದಿನ, ಆ ಒಂದು ಹಾಳೆಯನ್ನು ಅವಳು ತಾನೇ ಓದಲಿಲ್ಲ, ಯಾಕೆಂದರೆ ರೊಟ್ಟಿ ಬಡಿಯುತ್ತಿದ್ದಳು, ಎರಡೂ ಕೈ ಹಿಟ್ಟಾಗಿದ್ದವು. ಬೇರೆ ಯಾವ ಕಾರಣವೂ ಇರಲಿಲ್ಲ.

ನಮ್ಮದು ಬನಹಟ್ಟಿ. ಅಪ್ಪ ಬೇರೆಯವರ ಪಾವರಲೂಮಿನಲ್ಲಿ ಸೀರೆ ನೇಯುತ್ತಿದ್ದ. ನಮ್ಮ ಓಣಿಯ ಎರಡೂ ಬದಿಗೆ ಮಗ್ಗಗಳೇ, ಬೆಳಗಾದರೆ ಶುರುವಾದ ಸಪ್ಪಳ ಕರೆಂಟು ಹೋದಾಗ ಮಾತ್ರ ನಿಲ್ಲುತ್ತಿತ್ತು. ಆ ಸಪ್ಪಳದಲ್ಲಿ ಬೆಳೆದವರು ನಾವೆಲ್ಲ ಗಂಟಲು ಬಿಚ್ಚಿಯೇ ಮಾತಾಡುವವರು. ಈಗ ಮುಧೋಳದಲ್ಲಿ ನಾನು ತರಕಾರಿಯವಳ ಜೊತೆ ಎರಡು ಮಾತಾಡಿದರೆ ಸಾಕು, ಒಳಗಿನಿಂದ ನನ್ನ ಗಂಡ, "ಯಾರ ಜೋಡಿ ಜಗಳಾಡಾಕತ್ತಿ?" ಎಂದು ಕೇಳುತ್ತಾನೆ. ಜಗಳವೂ ನನಗೆ ಬೇಗ ಬರುತ್ತದೆ, ಅದು ಬೇರೆ ಮಾತು. ಸಿಟ್ಟು ಅಪ್ಪನದೂ ಅಲ್ಲ, ಅವ್ವನದೂ ಅಲ್ಲ, ನನ್ನದೇ ಸ್ವಂತದ್ದು.

ಅವ್ವ ಓಣಿಯ ಅಂಗನವಾಡಿಯಲ್ಲಿ ಸಹಾಯಕಿ. ಕಾಗದದ ಮೇಲೆ ಸಹಾಯಕಿ, ಜನರ ಬಾಯಲ್ಲಿ ಆಯಾ. ಬೆಳಿಗ್ಗೆ ಹೋಗಿ ಕೀಲಿ ತೆಗೆದು ಕಸ ಹೊಡೆಯುವುದು, ಮನೆ ಮನೆಗೆ ತಿರುಗಿ ಮಕ್ಕಳನ್ನು ಎತ್ತಿಕೊಂಡು ಬರುವುದು, ಸಿಂಬಳ ಒರೆಸುವುದು, ಅಡುಗೆ ಮಾಡಿ ಬಡಿಸುವುದು, ತಟ್ಟೆ ತಿಕ್ಕುವುದು ಅವಳ ಕೆಲಸ. ಪಾಠ ಹೇಳುವುದು, ರಜಿಸ್ಟರು ಬರೆಯುವುದು ಟೀಚರ್ ಕೆಲಸ. ಆಗಿದ್ದ ಟೀಚರಿಗೆ ವಯಸ್ಸಾಗಿತ್ತು, ಮೊಣಕಾಲು ನೋವು, ಎದ್ದು ನಿಲ್ಲಲು ಗೋಡೆ ಹಿಡಿಯಬೇಕು. ಹೀಗಾಗಿ ಮಕ್ಕಳಿಗೆ ಹಾಡು ಹೇಳಿಕೊಡುವುದು, ಅ ಆ ತಿದ್ದಿಸುವುದು ಎಲ್ಲ ಅವ್ವನ ಪಾಲಿಗೇ ಬಂದಿತ್ತು. ಆದರೂ ಮಕ್ಕಳು ಕುರ್ಚಿಯ ಮೇಲೆ ಕೂತವಳಿಗೆ ಟೀಚರ್ ಎನ್ನುತ್ತಿದ್ದವು, ಅಕ್ಷರ ತಿದ್ದಿಸಿದವಳಿಗೆ ಆಯಾ ಎನ್ನುತ್ತಿದ್ದವು. ನನ್ನ ತರಗತಿಯ ಅರ್ಧ ಹುಡುಗಿಯರು ಅವ್ವನ ಕೈಯಲ್ಲಿ ಉಂಡು ದೊಡ್ಡವರಾದವರು. ಹೈಸ್ಕೂಲಿಗೆ ಬಂದ ಮೇಲೂ ನನ್ನನ್ನು ಆಯಾನ ಮಗಳು ಎಂದೇ ಗುರುತಿಸುತ್ತಿದ್ದರು.

ನಾನು ಹತ್ತನೆಯ ತರಗತಿಗೆ ಬಂದ ವರ್ಷ, ಅಂಗನವಾಡಿಗಳ ತಪಾಸಣೆಗೆ ಬರುತ್ತಿದ್ದ ಮೇಡಂ ಒಬ್ಬರು ಅವ್ವನನ್ನು ಕರೆದು ಕೂರಿಸಿ ಹೇಳಿದರಂತೆ. ಈ ಟೀಚರ್ ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುತ್ತಾರೆ. ಆ ಜಾಗಕ್ಕೆ ಹತ್ತನೆಯದು ಪಾಸಾಗಿರಬೇಕು. ಇಷ್ಟು ವರ್ಷ ಇಲ್ಲೇ ದುಡಿದ ಸಹಾಯಕಿ ಪಾಸಾಗಿದ್ದರೆ ಮೊದಲು ಆಕೆಗೇ ಕೊಡುತ್ತಾರೆ. ಶಾಲೆಗೆ ಹೋಗಬೇಕಿಲ್ಲ, ಮನೆಯಲ್ಲೇ ಓದಿಕೊಂಡು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಬಹುದು. "ನೀನ ಪಾಠ ಹೇಳಾಕತ್ತೀಯಲ್ಲ, ಕುರ್ಚೀನೂ ನಿಂದ ಆಗ್ಲಿ" ಎಂದರಂತೆ. ಆ ಸಂಜೆ ಅವ್ವ ಈ ಮಾತನ್ನು ಅಪ್ಪನಿಗೆ ಒಮ್ಮೆ, ಪಕ್ಕದ ಮನೆಯವಳಿಗೆ ಒಮ್ಮೆ, ನನಗೆ ಮೂರು ಸಲ ಹೇಳಿದಳು.

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಮರುವಾರ ತೇರದಾಳಕ್ಕೆ ಹೋಗಿ, ತಾನು ಕಲಿತ ಸಾಲಿಯಲ್ಲಿ ಕೂತು, ಧೂಳು ಹಿಡಿದ ರಜಿಸ್ಟರು ತೆಗೆಸಿ, ಶಾಲೆ ಬಿಟ್ಟ ದಾಖಲೆ ಬರೆಸಿಕೊಂಡು ಬಂದಳು. ಅದರಲ್ಲಿ ಅವಳ ಹುಟ್ಟಿದ ತಾರೀಕು ಇತ್ತು. ಅದನ್ನು ನೋಡುವವರೆಗೆ ತನ್ನ ವಯಸ್ಸು ಅವಳಿಗೆ ಗೊತ್ತಿರಲಿಲ್ಲ. "ನನಗ ಮೂವತ್ನಾಲ್ಕಂತ. ನಾ ಮೂವತ್ತು ಅಂತ ತಿಳದಿದ್ನಿ. ನಾಕ ವರ್ಷ ಎಲ್ಲಿ ಹೋದೂವೋ ಏನೋ" ಎಂದು ನಗುತ್ತ ಅಪ್ಪನಿಗೆ ತೋರಿಸಿದಳು. ಅಪ್ಪ ದಿನವಿಡೀ ಮಗ್ಗದ ಸಪ್ಪಳದಲ್ಲಿದ್ದು ಕಿವಿ ಮಂದವಾಗಿದ್ದವನು, ಏನೆಂದು ಕೇಳಿಸದಿದ್ದರೂ ಅವಳ ಜೊತೆ ನಕ್ಕ.

ಆಮೇಲೆ ನನ್ನ ಒಂಬತ್ತನೆಯ ಇಯತ್ತೆಯ ಪುಸ್ತಕಗಳು ಅಟ್ಟದಿಂದ ಇಳಿದವು. ಅವ್ವ ಅಂಗನವಾಡಿಯಿಂದ ಬಂದು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ತೊಡೆಯ ಮೇಲೆ ಸಮಾಜ ವಿಜ್ಞಾನ ಇಟ್ಟುಕೊಂಡು ಬಾಯಲ್ಲಿ ಗುಣುಗುಣು ಮಾಡುತ್ತಿದ್ದಳು. ಇಂಗ್ಲಿಷಿಗೆ ಬಂದರೆ ನನ್ನನ್ನು ಕೇಳುತ್ತಿದ್ದಳು. ನಾನು ಒಂದು ಪದಕ್ಕೆ ಎರಡು ಸಲ ಹೇಳಿಕೊಟ್ಟು, ಮೂರನೆಯ ಸಲ ಸಿಡಿಮಿಡಿಗುಟ್ಟುತ್ತಿದ್ದೆ. ಅವಳಿಗೆ ಅದರಿಂದ ಏನೂ ಅನಿಸುತ್ತಿರಲಿಲ್ಲ. "ಸಿಟ್ಟಿಲೇ ಹೇಳಿದ್ರೂ ಹೇಳಲೇ ಹುಡುಗಿ, ನನಗೇನ ಲುಕ್ಸಾನಿಲ್ಲ" ಎನ್ನುತ್ತಿದ್ದಳು.

ಅಲ್ಲಿಯವರೆಗೂ ನನಗೆ ತಕರಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ. ಹೆಸರು ಕೊಟ್ಟವಳು ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಹುಡುಗಿ. ಒಂದು ದಿನ ಬಿಡುವಿನಲ್ಲಿ ಎಲ್ಲರ ಎದುರು, "ನಿಮ್ಮವ್ವನೂ ಈ ವರ್ಷ ಪರೀಕ್ಷೆಕ್ಕ ಕುಂದ್ರತಾಳಂತಲ್ಲ. ಆಯಾ ನಿನ್ನ ಹಿಂದಿನ ಬೆಂಚಿನ್ಯಾಗ ಬರ್ತಾಳೋ ಮುಂದಿನ ಬೆಂಚಿನ್ಯಾಗೋ? ಚೀಟಿ ಯಾರು ಯಾರಿಗೆ ಕೊಡ್ತೀರಿ?" ಎಂದಳು. ಎಲ್ಲರೂ ನಕ್ಕರು. ಅವಳೇನು ಕೆಟ್ಟವಳಲ್ಲ, ಚೇಷ್ಟೆ ಮಾಡಿದಳು ಅಷ್ಟೆ. ನಾನೂ ಒಂದು ಮಾತು ತಿರುಗಿಸಿ ಹೇಳಿ ನಕ್ಕು ಬಿಡಬಹುದಿತ್ತು. ಆದರೆ ಪರೀಕ್ಷೆಯ ಹಾಲಿನಲ್ಲಿ ಅವ್ವ ತನ್ನ ಅಂಗನವಾಡಿಯ ಸೀರೆ ಉಟ್ಟು, ಬೆಂಚಿಗೆ ಮೊಣಕಾಲು ತಾಗಿಸಿಕೊಂಡು ಕೂತದ್ದು, ಮಾಸ್ತರು ಅವಳ ಕೈಗೆ ಪ್ರಶ್ನೆಪತ್ರಿಕೆ ಕೊಡುವಾಗ ಹುಡುಗರೆಲ್ಲ ತಿರುಗಿ ನೋಡಿದ್ದು, ಎಲ್ಲ ನನ್ನ ಕಣ್ಣ ಮುಂದೆ ಆಗಿಯೇ ಹೋಯಿತು. ಮನೆಗೆ ಬರುವವರೆಗೆ ನನ್ನ ಕಿವಿ ಬಿಸಿಯಾಗಿಯೇ ಇದ್ದವು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಹೈಸ್ಕೂಲಿನ ನೋಟಿಸು ಬೋರ್ಡಿಗೆ ಖಾಸಗಿ ಅಭ್ಯರ್ಥಿಗಳ ನಿಯಮದ ಹಾಳೆ ಬಂತು. ಅಂಗನವಾಡಿ ಬಿಟ್ಟು ಬರಲು ಅವ್ವನಿಗೆ ಆಗುತ್ತಿರಲಿಲ್ಲ. "ಒಂದಕ್ಷರ ಬಿಡದಂಗ ಬರಕೊಂಡು ಬಾ" ಎಂದು ನನಗೆ ಹೇಳಿ ಕಳಿಸಿದ್ದಳು. ನಾನು ನಿಂತು ನೋಟಬುಕ್ಕಿನ ಹಾಳೆಯ ಮೇಲೆ ಎಲ್ಲವನ್ನೂ ಬರೆದುಕೊಂಡೆ, ನಿಜವಾಗಿಯೂ ಒಂದಕ್ಷರ ಬಿಡಲಿಲ್ಲ. ಮೂರನೆಯ ಸಾಲಿನಲ್ಲಿ ಹೀಗಿತ್ತು: ವಯೋಮಿತಿ, ಅಭ್ಯರ್ಥಿಗೆ ಹದಿನೈದು ವರ್ಷ ತುಂಬಿರಬೇಕು. ಬರೆಯುವಾಗ ನನ್ನ ಮನಸ್ಸಿನಲ್ಲಿ ಯಾವ ಕೆಟ್ಟ ವಿಚಾರವೂ ಇರಲಿಲ್ಲ. ಈಗ ಹಾಗೆ ಹೇಳಿ ಏನು ಉಪಯೋಗ, ಆದರೂ ಇರಲಿಲ್ಲ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಇದ್ದಳು. ಅಪ್ಪ ಆ ಕಡೆ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದ. ನನ್ನ ಕೈಯಲ್ಲಿ ಹಾಳೆ ನೋಡಿ ಅವ್ವನ ಮುಖ ಅರಳಿತು. ಹಿಟ್ಟಿನ ಕೈ ಎತ್ತಿ ತೋರಿಸಿ, "ಓದಿ ಹೇಳವಾ, ಕೈ ಹಿಟ್ಟದಾವು" ಎಂದಳು. ನಾನು ಓದಿದೆ. ಮೊದಲ ಸಾಲು, ಎರಡನೆಯ ಸಾಲು. ಮೂರನೆಯದಕ್ಕೆ ಬಂದೆ.

"ವಯೋಮಿತಿ, ಅಭ್ಯರ್ಥಿಗೆ ಹದಿನೈದು ವರ್ಷ" ಎಂದೆ, ನಿಲ್ಲಿಸಿದೆ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಹದಿನೈದಾ?" ಎಂದಳು.

"ಹೂಂ."

"ಅಷ್ಟ ಬರದಾರಾ? ಇನ್ನೊಮ್ಮೆ ಓದು ನೋಡೂಣು."

ನಾನು ಇನ್ನೊಮ್ಮೆ ಓದಿದೆ, ಅಲ್ಲಿಗೇ ನಿಲ್ಲಿಸಿದೆ. ಮೊದಲ ಸಲದ್ದಕ್ಕೆ ನಾಲಿಗೆ ತಡವರಿಸಿತು ಎಂದೋ, ಉಸಿರು ಸಾಲಲಿಲ್ಲ ಎಂದೋ ನನಗೆ ನಾನೇ ನೆಪ ಹೇಳಿಕೊಳ್ಳಬಹುದು. ಎರಡನೆಯ ಸಲಕ್ಕೆ ಯಾವ ನೆಪವೂ ಇಲ್ಲ. ತುಂಬಿರಬೇಕು ಎಂಬ ಪದ ನನ್ನದೇ ಕೈಬರಹದಲ್ಲಿ ನನ್ನ ಹೆಬ್ಬೆರಳ ಪಕ್ಕದಲ್ಲೇ ಇತ್ತು. ನಾನು ಅದನ್ನು ನೋಡಿದೆ, ಓದಲಿಲ್ಲ.

"ಅಷ್ಟ ಬರದಾರ" ಎಂದೆ.

"ನನಗ ಮೂವತ್ನಾಲ್ಕಾತಲ್ಲ" ಎಂದಳು ಅವ್ವ, ಯಾರಿಗೆಂದಿಲ್ಲದೆ. ಅಪ್ಪನಿಗೆ ಗಟ್ಟಿಯಾಗಿ ಹೇಳಿದಳು, "ವಯಸ್ಸು ಮೀರೇತಂತ್ರಿ. ಹದಿನೈದರ ಮ್ಯಾಲಿನವರಿಗೆ ಇಲ್ಲಂತ." ಅಪ್ಪ ಬಟ್ಟಲು ಕೆಳಗಿಟ್ಟ. ಅವನು ಸಾಲಿಯ ಮುಖ ಕಂಡವನಲ್ಲ, ಆದರೆ ಮೂವರಲ್ಲಿ ತಲೆ ಓಡಿಸಿದವನು ಅವನೊಬ್ಬನೇ. "ಹದಿನೈದರ ಮ್ಯಾಲ ಬರೀಬಾರದಂದ್ರ ನಪಾಸಾದ ಹುಡುಗೂರು ಹೆಂಗ ಬರೀತಾರ? ಅವರೆಲ್ಲ ಇಪ್ಪತ್ತರ ಗಂಡಸೂರ ಅದಾರಲ್ಲ?" ಎಂದು ನನ್ನನ್ನು ಕೇಳಿದ.

"ಅವರದು ಬ್ಯಾರೆ ಫಾರಂ ಇರ್ತೈತಿ" ಎಂದೆ. ಆಗ ಅದು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅಪ್ಪ ಅದನ್ನು ನಂಬಿದ. ಮನೆಯಲ್ಲಿ ಹೈಸ್ಕೂಲು ಕಂಡವಳು ನಾನೊಬ್ಬಳೇ, ನನ್ನನ್ನು ನಂಬದೆ ಇನ್ನಾರನ್ನು ನಂಬಬೇಕು? ಅವ್ವ ಬಡಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದಳು, ಒದ್ದೆ ಅರಿವೆಯಿಂದ ನೀರು ಸವರಿದಳು. "ಹಂಗಾರ ಮುಗೀತು ಬಿಡು. ಛಲೋ ಆತು ಮೊದಲ ನೋಡಿದ್ದು" ಎಂದಳು. ಊಟಕ್ಕೆ ನನಗೆ ಮೊದಲ ಬಿಸಿ ರೊಟ್ಟಿ ಹಾಕಿದಳು. ನಾನು ಉಂಡೆ. ಹಾಳೆಯನ್ನು ಮರುದಿನ ಸಾಲಿಗೆ ಹೋಗುವ ದಾರಿಯಲ್ಲಿ ಹರಿದು ಗಟಾರಕ್ಕೆ ಹಾಕಿದೆ.

ಅವಳು ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ತಪಾಸಣೆಯ ಮೇಡಂ ಅಷ್ಟರಲ್ಲಿ ಬೀಳಗಿಗೆ ವರ್ಗವಾಗಿ ಹೋಗಿದ್ದರು. ಮೊಣಕಾಲು ನೋವಿನ ಟೀಚರಿಗೆ ಹೇಳಿದಾಗ ಆಕೆ, "ಸರಕಾರದ ನಿಯಮ, ನಾವೇನ್ ಮಾಡಾಕ ಬರ್ತೈತಿ" ಎಂದು ಅಲ್ಲಿಗೆ ಬಿಟ್ಟರಂತೆ. ಅವ್ವ ಮತ್ತೆ ಕೇಳಲಿಲ್ಲ. ಕೇಳಿದರೆ ನನ್ನ ಮಾತಿನ ಮೇಲೆ ಅನುಮಾನ ಪಟ್ಟಂತಾಗುತ್ತಿತ್ತಲ್ಲ. ಅವಳಿಗೆ ಆ ವಿಚಾರವೇ ಬಂದಿರಲಿಕ್ಕಿಲ್ಲ.

ಮಾರ್ಚಿನಲ್ಲಿ ನಾನು ಪರೀಕ್ಷೆ ಬರೆದೆ. ಹಾಲಿನಲ್ಲಿ ನಮ್ಮ ಸಾಲಿಯ ಹುಡುಗ ಹುಡುಗಿಯರು ಬಿಟ್ಟರೆ ಬೇರೆ ಒಬ್ಬರೂ ಇರಲಿಲ್ಲ. ಖಾಸಗಿ ಅಭ್ಯರ್ಥಿಗಳನ್ನೆಲ್ಲ ಆ ವರ್ಷ ಜಮಖಂಡಿಯ ಒಂದು ಕೇಂದ್ರಕ್ಕೆ ಹಾಕಿದ್ದರು. ಅವ್ವ ಬರೆದಿದ್ದರೂ ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಬರೆಯುತ್ತಿದ್ದಳು, ನನ್ನ ಹಿಂದಿನ ಬೆಂಚಿಗೂ ಅಲ್ಲ, ಮುಂದಿನ ಬೆಂಚಿಗೂ ಅಲ್ಲ. ಅದು ನನಗೆ ಗೊತ್ತಾದದ್ದು ಕನ್ನಡ ಪೇಪರು ಮುಗಿಸಿ ಹೊರಗೆ ಬಂದ ಮೇಲೆ. ಗೇಟಿನ ಹತ್ತಿರ ಅವ್ವ ನಿಂಬೆಹಣ್ಣಿನ ಪಾನಕದ ಬಾಟಲಿ ಹಿಡಿದು ನಿಂತಿದ್ದಳು. ನಾನು ಅವಳ ಮೇಲೆ ರೇಗಿದೆ, ಇಲ್ಲಿ ಯಾಕೆ ಬಂದೆ ಎಂದು. ಅವಳು ನಕ್ಕು ಬಾಟಲಿ ಕೈಗೆ ಕೊಟ್ಟು, "ಪರೀಕ್ಷೆ ಹಾಲ್ ಹೆಂಗಿರ್ತೈತಿ ನೋಡೂಣಂತ ಬಂದ್ನಿ" ಎಂದಳು.

ನಾನು ಪಾಸಾದೆ. ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ಎರಡು ವರ್ಷಕ್ಕೆ ಟೀಚರ್ ನಿವೃತ್ತಿಯಾದರು, ಆ ಕುರ್ಚಿಗೆ ರಬಕವಿಯಿಂದ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದಳು. ಒಳ್ಳೆಯ ಹುಡುಗಿ. ಮೊದಲ ದಿನವೇ ಮಕ್ಕಳ ಅಳು ಕೇಳಿ ತಾನೂ ಅತ್ತಳಂತೆ, ಅವ್ವನೇ ಸಮಾಧಾನ ಮಾಡಿ, ಹಾಡು ಹೇಳಿಕೊಟ್ಟು, ರಜಿಸ್ಟರಿನಲ್ಲಿ ಯಾವ ಮನೆಯಲ್ಲಿ ಯಾವ ಕೂಸು ಎಂದು ಬರೆಸಿದಳಂತೆ. ಅವ್ವ ಆ ಹುಡುಗಿಗೆ "ಹೂಂರಿ ಟೀಚರ್", "ಬರ್ರಿ ಟೀಚರ್" ಎನ್ನುತ್ತಿದ್ದಳು. ರಜೆಯಲ್ಲಿ ಮನೆಗೆ ಬಂದಾಗ ನಾನು ಅದನ್ನು ಕೇಳಿಸಿಕೊಂಡೆ. ಆಗ ನಾನು ಜಮಖಂಡಿಯಲ್ಲಿ ಶಿಕ್ಷಕಿ ತರಬೇತಿ ಪಡೆಯುತ್ತಿದ್ದೆ. ಹೌದು, ಅವ್ವ ಆಗಬೇಕೆಂದಿದ್ದದ್ದನ್ನೇ ನಾನು ಆಗುತ್ತಿದ್ದೆ, ಅವಳ ದುಡಿಮೆಯಲ್ಲೇ.

ಆಗ ಹೇಳಬಹುದಿತ್ತು. ಇನ್ನೂ ಸಮಯವಿತ್ತು, ಆ ಹುಡುಗಿ ಬೇರೆ ಕಡೆ ಹೋದರೂ ಹೋಗಬಹುದಿತ್ತು, ಪಕ್ಕದ ಓಣಿಯಲ್ಲಿ ಹೊಸ ಅಂಗನವಾಡಿಯೂ ಬಂತು. ಸಹಾಯಕಿಗೆ ಟೀಚರ್ ಆಗಲು ಮಾತ್ರ ಮೇಲಿನ ವಯಸ್ಸಿನ ಗೆರೆ ಒಂದಿತ್ತು, ಅದನ್ನು ಅವ್ವ ಇನ್ನೂ ದಾಟಿರಲಿಲ್ಲ. ಬೀಳಗಿಯ ಕಡೆ ಮೊದಲ ನೌಕರಿ ಸಿಕ್ಕಾಗಲೂ ಹೇಳಬಹುದಿತ್ತು. ಪ್ರತಿ ಸಲ ಬಸ್ಸಿನಲ್ಲಿ ಬರುವಾಗ ಮಾತು ಜೋಡಿಸಿಕೊಳ್ಳುತ್ತಿದ್ದೆ, ಮನೆಯ ಹೊಸ್ತಿಲು ದಾಟಿದರೆ ಅವ್ವ ಮುಖದ ತುಂಬ ನಗುತ್ತ, "ಬಾರಲೇ ನನ್ನ ಬಂಗಾರಾ" ಎಂದು ಎರಡೂ ಕೈಯಿಂದ ದೃಷ್ಟಿ ತೆಗೆಯುವಳು, ನಾನು ಚೀಲ ಕೆಳಗಿಟ್ಟು ಬೇರೆ ಮಾತು ತೆಗೆಯುತ್ತಿದ್ದೆ. ಒಂದು ದಿನ ಅವ್ವ ಆ ಗೆರೆಯನ್ನೂ ದಾಟಿದಳು. ನಾನು ಹೇಡಿ, ಇದಕ್ಕೆ ಬೇರೆ ಮಾತಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅವ್ವ ಆ ನಿಯಮವನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಮಹಾಲಿಂಗಪುರಕ್ಕೆ ಕೊಟ್ಟಿದ್ದ ನನ್ನ ಚಿಕ್ಕಮ್ಮ ಒಮ್ಮೆ, ತಾನೂ ಹತ್ತನೆಯದಕ್ಕೆ ಕೂರಬೇಕೆಂದಿದ್ದೇನೆ ಎಂದಾಗ ಅವ್ವ ಅಕ್ಕರೆಯಿಂದ ಬುದ್ಧಿ ಹೇಳಿದಳು. "ಹುಚ್ಚಿ, ನಮಗ ಆಗೂದಿಲ್ಲ. ವಯೋಮಿತಿ ಹದಿನೈದು ವರ್ಷ ಐತಿ. ನಮ್ಮಾಕಿನ ಹೋಗಿ ನೋಡಿ ಬಂದಾಳ" ಎಂದು ನನ್ನ ಕಡೆ ಕೈ ಮಾಡಿದಳು. ಚಿಕ್ಕಮ್ಮ ನನ್ನನ್ನು ನೋಡಿದಳು. ನಾನು ಮೊಬೈಲು ನೋಡುತ್ತ ತಲೆಯಾಡಿಸಿದೆ. ಆಗ ನಾನು ಹದಿನೈದರ ಹುಡುಗಿಯಲ್ಲ, ಸಂಬಳ ತರುವ ಶಿಕ್ಷಕಿ.

ಈಗ ನಾನಿರುವುದು ಮುಧೋಳದಲ್ಲಿ. ನಮ್ಮ ಶಾಲೆಯಲ್ಲಿ ಖಾಸಗಿ ಅಭ್ಯರ್ಥಿಗಳ ಅರ್ಜಿ ನೋಡುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ರನ್ನ ಬೆಳಗಲಿಯಿಂದ ಒಬ್ಬ ಹೆಂಗಸು ಬಂದಿದ್ದಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಗದಗಳು. ಮೇಜಿನ ಮುಂದೆ ನಿಂತು ಕೇಳಿದಳು, "ನಂದು ವಯಸ್ಸು ಭಾಳ ಆಗೇತ್ರಿ ಮೇಡಂ. ನಲವತ್ತರ ಮ್ಯಾಲ. ನಡೀತೈತೇನ್ರಿ?"

"ಹದಿನೈದು ತುಂಬಿದ್ರ ಆತ್ರಿ. ಮ್ಯಾಲಕ ಮಿತಿ ಇಲ್ಲ" ಎಂದೆ.

ಹೇಳಿದ ಮೇಲೆ ನನಗೆ ಗೊತ್ತಾಯಿತು, ಆ ಸಾಲನ್ನು ನಾನು ಬಾಯಿಬಿಟ್ಟು ಪೂರ್ತಿ ಹೇಳಿದ್ದು ಅದೇ ಮೊದಲು. ಆ ಹೆಂಗಸು ಕಾಗದಗಳನ್ನು ಮೇಜಿನ ಮೇಲೆ ಹರವಿ, "ನಮ್ಮ ಮನ್ಯಾಗೆಲ್ಲ ಆಗೂದಿಲ್ಲ ಅಂದಿದ್ರರಿ" ಎಂದು ಮುಖ ಒರೆಸಿಕೊಂಡಳು. ನಾನು ಅವಳ ಅರ್ಜಿ ತುಂಬುವಾಗ ಎರಡು ಕಡೆ ತಪ್ಪು ಬರೆದೆ. ಸಹೋದ್ಯೋಗಿಯೊಬ್ಬರು ಬಂದು, ಆರಾಮಿಲ್ಲವೇನು ಎಂದು ಕೇಳಿದರು. ತಲೆನೋವು ಎಂದೆ.

ಅದಾಗಿ ಕೆಲವು ತಿಂಗಳಿಗೆ ಅವ್ವನಿಗೆ ಅರವತ್ತು ತುಂಬಿತು. ಅಂಗನವಾಡಿಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ರಬಕವಿಯ ಆ ಟೀಚರ್, ಈಗ ಅವಳ ತಲೆಯಲ್ಲೂ ಬಿಳಿಗೂದಲು, ಮುಂದೆ ನಿಂತು ಎಲ್ಲ ಮಾಡಿಸಿದಳು. ಓಣಿಯ ತಾಯಂದಿರು ಬಂದಿದ್ದರು, ಅವರಲ್ಲಿ ಹೆಚ್ಚಿನವರು ಅವ್ವ ಬಗಲಲ್ಲಿ ಎತ್ತಿಕೊಂಡು ಹೋದ ಕೂಸುಗಳೇ. ಅಪ್ಪ ಇರಲಿಲ್ಲ, ಅವನು ಹೋಗಿ ಆರು ವರ್ಷವಾಗಿತ್ತು. ಅವ್ವನಿಗೆ ಶಾಲು ಹೊದಿಸಿ, ಅದೇ ಟೀಚರ್ ಕುರ್ಚಿಯಲ್ಲಿ ಕೂರಿಸಿದರು. ಅವಳು ಕುರ್ಚಿಯ ತುದಿಗೆ ಕೂತಳು, ಹಿಂದೆ ಒರಗಲಿಲ್ಲ. ಎರಡು ಮಾತು ಹೇಳಿ ಎಂದು ಒತ್ತಾಯಿಸಿದರು.

"ನಾ ಏನ್ ಹೇಳ್ಲಿ" ಎಂದು ಶುರು ಮಾಡಿದಳು. "ನನಗೂ ಟೀಚರ್ ಆಗಬೇಕಂತ ಭಾಳ ಆಸೆ ಇತ್ತು. ತೇರದಾಳಕ್ಕ ಹೋಗಿ ಕಾಗದ ಎಲ್ಲಾ ತಂದಿದ್ನಿ. ಆದ್ರ ಪರೀಕ್ಷೆಕ್ಕ ವಯೋಮಿತಿ ಹದಿನೈದು ವರ್ಷ ಇತ್ರಿ. ನನ್ನ ಮಗಳು ಮೊದಲ ಹೋಗಿ ನೋಡಿ ಬಂದ್ಳು, ಅದಕ್ಕ ನನ್ನ ಮರ್ಯಾದಿ ಉಳೀತು. ಇಲ್ಲಂದ್ರ ಅಷ್ಟು ದೊಡ್ಡ ಹೆಂಗಸು ಫಾರಂ ಹಿಡಕೊಂಡು ಹೋಗಿ ಎಲ್ಲಾರ ಮುಂದ ನಗೆಪಾಟಲ ಆಗ್ತಿದ್ನಿ. ಆಕಿ ಟೀಚರ್ ಆದ್ಳು, ನಾನ ಆದಂಗ ಆತು." ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನನ್ನು ನೋಡಿ ತಟ್ಟಿದರು.

ಟೀಚರ್ ಮಾತ್ರ ತಟ್ಟಲಿಲ್ಲ. "ಹಂಗ್ಯಾಕ ಇರ್ತೈತಿ, ಹದಿನೈದು ಅಂದ್ರ..." ಎಂದು ಬಾಯಿ ತೆಗೆದಳು. ಆಮೇಲೆ ನನ್ನ ಮುಖ ನೋಡಿದಳು. ಮಾತನ್ನು ಅರ್ಧಕ್ಕೇ ಬಿಟ್ಟು ಮಕ್ಕಳಿಗೆ ಬಾಳೆಹಣ್ಣು ಹಂಚಲು ಎದ್ದಳು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಇನ್ನು ನಾನು ಹೇಳದಿದ್ದರೆ ಅವಳು ಹೇಳುತ್ತಾಳೆ ಎಂದಲ್ಲ. ಅವಳು ಹೇಳುವವಳಲ್ಲ. ಆದರೆ ನನ್ನ ಅವ್ವ ಮೋಸ ಹೋದದ್ದು ಇನ್ನೊಬ್ಬರಿಗೆ ಗೊತ್ತಿದ್ದು ಅವ್ವನಿಗೇ ಗೊತ್ತಿಲ್ಲದಿರುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಮಧ್ಯಾಹ್ನ ಮನೆಗೆ ಬಂದೆವು. ಅವ್ವ ಶಾಲು ಮಡಚುತ್ತಿದ್ದಳು. ನಾನು ಬಾಗಿಲ ಬಳಿ ಕೂತು ಹೇಳಿದೆ, "ಯವ್ವಾ, ಆ ಹಾಳ್ಯಾಗ ಇನ್ನೊಂದು ಮಾತಿತ್ತು."

"ಯಾವ ಹಾಳಿ?"

"ವಯೋಮಿತಿದು. ಹದಿನೈದು ವರ್ಷ ತುಂಬಿರಬೇಕು ಅಂತಿತ್ತು. ತುಂಬಿರಬೇಕು ಅನ್ನೂದನ್ನ ನಾ ಓದಲಿಲ್ಲ."

ಅವಳು ಮಡಚುವುದನ್ನು ಬಿಟ್ಟು ನನ್ನನ್ನು ನೋಡಿದಳು. ಆ ಒಂದು ಗಳಿಗೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಹೇಗೆ ಉಳಿಸಿಕೊಳ್ಳಲಿ ಎಂಬ ಗಡಿಬಿಡಿ ಇತ್ತು. "ಕಾಣಲಿಲ್ಲೇನು ನಿನಗ? ಕತ್ತಲಿತ್ತಲ್ಲ ಅಡಿಗಿಮನ್ಯಾಗ" ಎಂದಳು.

ಹೂಂ ಎಂದಿದ್ದರೆ ಅವಳು ನಂಬುತ್ತಿದ್ದಳು. ಇನ್ನೊಂದು ಸುಳ್ಳಿಗೆ ಬಾಗಿಲು ತೆರೆದು ನಿಂತಿದ್ದಳು.

"ಕಂಡಿತ್ತು" ಎಂದೆ. "ನಾನ ಬಿಟ್ಟ ಓದಿದ್ನಿ. ನೀ ನಮ್ಮ ಸಾಲ್ಯಾಗ ಬಂದು ಪರೀಕ್ಷೆಕ್ಕ ಕುಂದ್ರತೀ ಅಂತ ಹುಡುಗ್ಯಾರು ನಕ್ಕಿದ್ರು. ನನಗ ನಾಚಿಕಿ ಆಗಿತ್ತು."

"ಯಾರ ನಾಚಿಕಿ?"

"ನಿಂದ."

ಹೊರಗೆ ಮಗ್ಗಗಳು ನಡೆದೇ ಇದ್ದವು. ಅವ್ವ ಶಾಲನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಅಳಬೇಡ ಎಂದೂ ಅನ್ನಲಿಲ್ಲ. ಕೊನೆಗೆ, "ನನಗ ಮೂವತ್ನಾಲ್ಕು ತುಂಬಿತ್ತು" ಎಂದಳು. ಆಮೇಲೆ, "ತಂಗೀಗೂ ಬ್ಯಾಡಂದ್ನಲ್ಲ ನಾ" ಎಂದಳು.

"ಈಗೂ ಬರೀಬಹುದು ಯವ್ವಾ. ಮ್ಯಾಲಿನ ಮಿತಿ ಇಲ್ಲ. ನಾನ ಫಾರಂ ತುಂಬತೇನಿ, ನಾನ ಕಲಸತೇನಿ. ಚಿಕ್ಕವ್ವಗೂ ಹೇಳತೇನಿ" ಎಂದು ಬಡಬಡಿಸಿದೆ. ಹೇಳುವಾಗಲೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

"ಬರದು ಏನ್ ಮಾಡ್ಲಿ? ನಾಳಿಂದ ನಾ ಆಯಾನೂ ಅಲ್ಲ" ಎಂದಳು.

ಎದ್ದು ಒಳಗೆ ಹೋದಳು. ಮುಖ ತೊಳೆದ ಸಪ್ಪಳ ಕೇಳಿತು, ಆಮೇಲೆ ಚಹಾಕ್ಕಿಟ್ಟ ಸಪ್ಪಳ. ನನಗೆ ಸ್ವಲ್ಪ ಜೀವ ಬಂತು, ಇನ್ನು ಬೈಯುತ್ತಾಳೆ, ಬೈದರೆ ಹಗುರಾಗುತ್ತದೆ ಎಂದುಕೊಂಡೆ. ಅವಳು ಬಸಿಯಲ್ಲಿ ಬಟ್ಟಲಿಟ್ಟು ತಂದು ನನ್ನ ಮುಂದೆ ಹಿಡಿದಳು.

"ತಗೋರಿ" ಎಂದಳು.

ನನ್ನ ಹಿಂದೆ ಯಾರೋ ಬಂದಿದ್ದಾರೆ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಮುಧೋಳದ ಬಸ್ ಹೋದೀತು. ಲಗೂನ ಹೊಂಡ್ರಿ" ಎಂದಳು.

"ಯವ್ವಾ, ನನಗ ರೀ ಅಂತೀಯಾ?"

"ಟೀಚರ್ ಅದೀರಲ್ರಿ" ಎಂದಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಾಗಿಲವರೆಗೂ ಬಂದು ಕಳಿಸಿದಳು.

ಆಗಿನಿಂದ ದಿನಾ ಫೋನು ಮಾಡುತ್ತೇನೆ. ಅವಳು ಎತ್ತುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ. ಆರಾಮ ಅದೀರೇನ್ರಿ ಎಂದು ಕೇಳುತ್ತಾಳೆ, ಹುಡುಗೂರು ಸಾಲಿಗೆ ಹೋದವೇನ್ರಿ ಎಂದು ಕೇಳುತ್ತಾಳೆ. ನಿನ್ನೆ ನನಗೆ ತಡೆಯಲಾಗಲಿಲ್ಲ. "ಒಮ್ಮೆ ಬೈಯರ ಬೈಯಬೇ ಯವ್ವಾ. ಬಾಯಿಗೆ ಬಂದಂಗ ಬೈ" ಎಂದೆ.

ಆ ಕಡೆ ಮಗ್ಗದ ಸಪ್ಪಳ ನಡೆದೇ ಇತ್ತು.

"ನಿಮಗ ಹೆಂಗ ಬೈಯಾಕ ಬರ್ತೈತ್ರಿ?" ಎಂದಳು.